ನಾಲ್ಕನೆಯ ಪ್ರತಿ

ಬಳೇಪೇಟೆಯಲ್ಲಿ, ಮಹಡಿ ಮೆಟ್ಟಿಲ ಕೆಳಗೆ
ಒಂದು ಮೇಜು, ಒಂದು ಹಾಲ್ಡಾ, ಗೋಡೆಗೊರಗಿದ ನಾನು.
ಪುಟಕ್ಕೆ ಒಂದೂಕಾಲು ರೂಪಾಯಿ, ಕಾರ್ಬನ್ನು ಬೇರೆ.
ಬಾಡಿಗೆ ಕರಾರು, ಜಾಮೀನು ಅರ್ಜಿ,
ಸತ್ತವರ ಹೆಸರಿನಿಂದ ಇದ್ದವರ ಹೆಸರಿಗೆ ಖಾತೆ:
ಇಷ್ಟೇ ನನ್ನ ಬೆರಳು ಕಂಡ ಲೋಕ.

ಎಂಬತ್ತಾರರ ಜೂನ್. ಕೊಡೆ ಮಡಚುತ್ತ ಬಂದವರು
ಹೆಸರು ಲೋಕನಾಯಕಿ ಎಂದರು.
ತಿಗಳರಪೇಟೆ; ತಂದೆ ಲಾಲ್‌ಬಾಗಿನಲ್ಲಿ ಕಸಿ ಕಟ್ಟುವವರು.
ಇತಿಹಾಸದಲ್ಲಿ ಪಿಎಚ್.ಡಿ.
ಗಂಗರೋ ಕೆಂಪೇಗೌಡರೋ, ಎಂದೆ.
ದಕ್ಷಿಣ ಧ್ರುವ, ಎಂದರು.
ನಕ್ಕುಬಿಟ್ಟೆ. ಅವರು ನಗಲಿಲ್ಲ, ಮುಂಗಡ ಇಟ್ಟರು.

ಜನರಿಲ್ಲದ ನೆಲಕ್ಕೂ ಒಡೆತನದ ಜಗಳವಿದೆಯೆಂದು
ಟೈಪು ಮಾಡುತ್ತ ಮಾಡುತ್ತ ತಿಳಿಯಿತು.
ಒಬ್ಬರು ಹಕ್ಕು ಬರೆದ ಹಿತ್ತಾಳೆ ಕೊಳವೆ ಇಟ್ಟು ಬಂದರು;
ಇನ್ನೊಬ್ಬರು ಅದನ್ನೆತ್ತಿ, ವಿನಯದ ಕಾಗದದೊಡನೆ
ರಾಯಭಾರಿಯ ಕೈಲಿ ಹಿಂದಿರುಗಿಸಿದರು.
ಆಮೇಲೆ ಅಲ್ಲೊಂದು ಅಂಚೆ ಕಚೇರಿ ತೆರೆದರು,
ಸುತ್ತ ಪೆಂಗ್ವಿನ್ನುಗಳು.
ಒಂದು ದೇಶ ಬಸುರಿಯನ್ನು ವಿಮಾನ ಹತ್ತಿಸಿತು,
ಅಲ್ಲೇ ಹೆರಲಿ, ಕೂಸಿನ ಅಳುವೇ ಪತ್ರವಾಗಲಿ ಎಂದು.
ಆ ಪುಟದ ದಿನ ನನ್ನ ಹೆಂಡತಿ ವಾಣಿವಿಲಾಸದಲ್ಲಿದ್ದಳು.
ಮೂರು ತಪ್ಪು ಹೊಡೆದೆ. ತಿದ್ದಿ ಅನ್ನಲಿಲ್ಲ,
ಮಾರನೆ ದಿನ ಹಾರ್ಲಿಕ್ಸ್ ಬಾಟಲಿ ತಂದರು.

ಸಂದರ್ಶನದಲ್ಲಿ ಕೇಳಿದರಂತೆ:
'ಹಿಮಗಡ್ಡೆ ನೋಡಿದ್ದೀಯೇನಮ್ಮ?'
'ರಸೆಲ್ ಮಾರ್ಕೆಟ್ಟಿನ ಮೀನಂಗಡೀಲಿ, ದಿನಾ.'
ಕೆಲಸ ಸಿಗಲು ಮತ್ತೆ ನಾಲ್ಕು ವರ್ಷ.
ಸಿಕ್ಕ ಮೇಲೆ ಜ್ಞಾನಭಾರತಿಯ ಬಸ್ಸು, ತಗಡಿನ ಬೀರು,
ಬಾಗಿಲಿಗೆ ಹೆಸರು ಬರೆಸುವಷ್ಟರಲ್ಲಿ ರೂಮು ಬದಲು.
ಇತ್ತ ಕಂಪ್ಯೂಟರ್ ಬಂತು, ಹಾಲ್ಡಾ ತೂಕಕ್ಕೆ ಹೋಯಿತು.
ಅವರು ಮಾತ್ರ ನೀಲಿ ಶಾಯಿಯ ಹಾಳೆ ಹಿಡಿದು ಇಲ್ಲಿಗೇ ಬರುವರು.

ಕನ್ನಡದಲ್ಲಿ ಬರೆಯತೊಡಗಿದಾಗ ತಕರಾರು ಶುರು.
ಕಡಲ ಮೇಲೆ ಚಾಚಿಕೊಂಡ ಆ ಭಾರೀ ಮಂಜಿಗೆ ಏನೆನ್ನೋಣ?
ಫಲಕ ಎಂದು ಬರೆದರು, ಹಾಸು ಎಂದರು, ಹೊಡೆದುಹಾಕಿದರು.
ಜಗಲಿ ಅನ್ನಿ, ಎಂದೆ. ಮನೆಯದೂ ಹೌದು, ಬೀದಿಯದೂ ಹೌದು.
ತುಸು ಹೊತ್ತು ನನ್ನನ್ನೇ ನೋಡಿದರು.
ಹಿಮಜಗಲಿ. ಪುಟ ಇಪ್ಪತ್ತಮೂರು. ಅದು ನನ್ನದು.
ಹಕ್ಕು ಸ್ಥಾಪಿಸುತ್ತಿಲ್ಲ, ಸುಮ್ಮನೆ ಹೇಳಿದೆ.

ಪಕ್ಕದ ಬಳೆಯಂಗಡಿ ರಂಗಧಾಮನಿಗೂ ನನಗೂ
ಮೆಟ್ಟಿಲ ಬುಡದ ಎರಡೂವರೆ ಅಡಿಗೆ ಹನ್ನೊಂದು ವರ್ಷದ ವ್ಯಾಜ್ಯ.
ನಿವೃತ್ತಿಯ ಹಿಂದಿನ ವಾರ, ಕಾಫಿ ಆರುವಷ್ಟರಲ್ಲಿ
ಅವರೇ ಕರಾರು ಬರೆದರು:
ಯಾರೂ ತಮ್ಮ ಹಕ್ಕು ಬಿಟ್ಟಂತಲ್ಲ,
ಯಾರೂ ಇನ್ನೊಬ್ಬರದನ್ನು ಒಪ್ಪಿದಂತಲ್ಲ,
ಇದು ಇರುವ ತನಕ ಹೊಸ ಹಕ್ಕಿಲ್ಲ, ಹಳೆಯದು ಬೆಳೆಯುವಂತಿಲ್ಲ,
ಬಳೆಪೆಟ್ಟಿಗೆ ಇರಲಿ, ಸ್ಟೂಲೂ ಇರಲಿ.
'ಎಲ್ಲಾದರೂ ನಡೆದಿದೆಯಾ ಇದು?' ಎಂದ ರಂಗಧಾಮ.
'ಐವತ್ತೊಂಬತ್ತರಲ್ಲಿ ಹನ್ನೆರಡು ದೇಶ ರುಜು ಹಾಕಿದವು.
ನೀವು ಇಬ್ಬರೇ ತಾನೆ.'
ಹಾಕಿದೆವು. ರಂಗಧಾಮ ಹೆಬ್ಬೆಟ್ಟನ್ನೂ ಒತ್ತಿದ, ಬಲಕ್ಕಿರಲಿ ಎಂದು.

ಅವರು ಆ ನೆಲಕ್ಕೆ ಹೋಗಲೇ ಇಲ್ಲ.
ಹಡಗಿನ ಪಟ್ಟಿಯಲ್ಲಿ ಒಮ್ಮೆ ಹೆಸರಿತ್ತಂತೆ,
ವಿಜ್ಞಾನದವರಿಗೇ ಜಾಗ ಸಾಲದೆಂದು ತೆಗೆದರಂತೆ.
ಬೇಸರವಿಲ್ಲವೇ, ಎಂದು ಕೇಳಿದ್ದೆ.
'ಕಾಲಿಟ್ಟವರೆಲ್ಲ ನಮ್ಮದು ಅಂದರಲ್ಲ...' ಎಂದು
ಮುಂದೇನೋ ಹೇಳಲಿದ್ದರು. ಕರೆಂಟು ಹೋಗಿ
ಅರ್ಧ ಅಧ್ಯಾಯ ಅಳಿಸಿತು; ಇಬ್ಬರೂ ಬೋರ್ಡಿನವರನ್ನು ಬಯ್ದೆವು.

ಆ ಮೊದಲ ಪ್ರಬಂಧದ ನಾಲ್ಕನೆಯ ಪ್ರತಿ ನನ್ನಲ್ಲಿದೆ.
ಮೂರಕ್ಕೆ ಕೇಳುವವರಿದ್ದರು, ಇದಕ್ಕಿಲ್ಲ.
ಹಾಳೆಗಳ ನಡುವೆ ಒಂದು ನಕ್ಷೆ,
ಶಾಯಿ ಒಣಗಿದ ಬಾಲ್‌ಪೆನ್ನಿನಲ್ಲಿ ನಾನೇ ಒತ್ತಿ ಎಳೆದದ್ದು.
ಏಳು ದೇಶಗಳ ಹೆಸರೂ ಮಾಸಿ ಕಾಗದಕ್ಕೇ ಇಳಿದುಹೋಗಿವೆ.
ಗೆರೆಗಳು ಮಾತ್ರ, ಬೆರಳಾಡಿಸಿದರೆ,
ಇನ್ನೂ ತಗ್ಗಾಗಿ ಸಿಗುತ್ತವೆ.